ಸಾಕು ಇಲಿ: ತೂಕ ಬೇಗ ಕಾಣುತ್ತದೆ, ಕಾಯಿಲೆ ತಡವಾಗಿ

ಮುಂಬೈ, ಪುಣೆ ಕಡೆ ಸಾಕು ಇಲಿ ಕೊಳ್ಳಲು ಬರುವವರು ಈಗ ಮೊದಲು ಕೇಳುವುದೇ ‘ಎಷ್ಟು ದೊಡ್ಡದಾಗುತ್ತೆ?’ ಅಂತ. ಮಾರುವವರಿಗೂ ಇದು ಚೆನ್ನಾಗಿ ಗೊತ್ತು. ಅದಕ್ಕೇ ‘ಜಂಬೋ’, ‘ಜೈಂಟ್’ ಅಂತ ಹೆಸರಿಟ್ಟು, ಮುಂಗೈ ತುಂಬಾ ಚಾಚಿ ಮಲಗಿದ ಗಂಡಿಲಿಯ ಫೋಟೋ ಹಾಕಿ, ಮಾಮೂಲಿ ಮರಿಗಿಂತ ಜಾಸ್ತಿ ರೇಟು ಹೇಳುತ್ತಾರೆ. ಡೊಂಬಿವಲಿ, ಠಾಣೆ, ಪಿಂಪ್ರಿಯ ನಮ್ಮ ಕನ್ನಡದ ಮನೆಗಳಲ್ಲೂ ಕಾಲೇಜಿಗೆ ಹೋಗುವ ಮಕ್ಕಳು ಇಲಿ ಸಾಕಲು ಶುರು ಮಾಡಿದ್ದಾರೆ. ಒಂದು ಬೆಡ್‌ರೂಮಿನ ಫ್ಲ್ಯಾಟು, ನಾಯಿ ಅಂದರೆ ಸೊಸೈಟಿಯವರ ತಕರಾರು, ಇಲಿಯಾದರೆ ಯಾರಿಗೂ ತೊಂದರೆಯಿಲ್ಲ. ನನಗಂತೂ ಇದು ಖುಷಿಯ ವಿಷಯ. ಇಲಿಯಷ್ಟು ಬೇಗ ಮನುಷ್ಯರಿಗೆ ಹೊಂದಿಕೊಂಡು, ಹೆಸರು ಕರೆದರೆ ಓಡಿಬರುವ ಚಿಕ್ಕ ಪ್ರಾಣಿ ಇನ್ನೊಂದಿಲ್ಲ ಅಂತಲೇ ನನ್ನ ನಂಬಿಕೆ. ಆದರೆ ಕೆಲವರು ಈಗ ಸಾಕುವುದನ್ನು ದಾಟಿ, ದೊಡ್ಡ ಇಲಿಗಳನ್ನೇ ಆರಿಸಿ ಜೋಡಿ ಮಾಡಿ ಇನ್ನೂ ದೊಡ್ಡ ತಳಿ ಬೆಳೆಸಲು ಹೊರಟಿದ್ದಾರೆ. ಅದರ ಬಗ್ಗೆ ಸ್ವಲ್ಪ ವಿವರವಾಗಿ ಮಾತಾಡಬೇಕಾಗಿದೆ.

ಹಾಗೆ ಬೆಳೆಸಲು ಆಗುತ್ತದೆಯೇ ಅಂದರೆ, ಖಂಡಿತ ಆಗುತ್ತದೆ. ದೊಡ್ಡ ಕಷ್ಟವೂ ಇಲ್ಲ. ತೊಂದರೆ ಇರುವುದು ಯಾವುದು ಯಾವಾಗ ಕಾಣಿಸುತ್ತದೆ ಎನ್ನುವುದರಲ್ಲಿ. ಇಲಿಯ ಗಾತ್ರ ನಾಲ್ಕೈದು ತಿಂಗಳಿಗೇ ಕಣ್ಣಿಗೆ ಬೀಳುತ್ತದೆ. ಗಾತ್ರದ ಜೊತೆ ಸೇರಿಕೊಂಡು ಬರುವ ಕಾಯಿಲೆಗಳು ಹೆಚ್ಚಾಗಿ ವರ್ಷ, ಒಂದೂವರೆ ವರ್ಷ ದಾಟಿದ ಮೇಲೆ ಕಾಣುತ್ತವೆ. ಅಷ್ಟು ಹೊತ್ತಿಗೆ ಅದರ ಮೊಮ್ಮಕ್ಕಳೂ ಮಾರಾಟವಾಗಿರುತ್ತವೆ.

ಮೊದಲು ಯಾವ ಇಲಿ ಅನ್ನುವುದು ಸ್ಪಷ್ಟವಾಗಲಿ. ಸಾಕು ಇಲಿಗಳೆಲ್ಲ ಕಂದು ಇಲಿಯ ಜಾತಿಗೆ ಸೇರಿದವು, ಶಾಸ್ತ್ರೀಯ ಹೆಸರು ರ‍್ಯಾಟಸ್ ನಾರ್ವೆಜಿಕಸ್. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಇಲಿ ಹಿಡಿಯುವವರು ಬಣ್ಣ ಬಣ್ಣದ ಮರಿಗಳನ್ನು ಕೊಲ್ಲದೆ ಉಳಿಸಿಕೊಂಡು ಮಾರಿದ್ದರಿಂದ ಈ ಹವ್ಯಾಸ ಬೆಳೆಯಿತು. ಹೆಣ್ಣು ಸಾಮಾನ್ಯವಾಗಿ 250ರಿಂದ 350 ಗ್ರಾಂ, ಗಂಡು 350ರಿಂದ 500 ಗ್ರಾಂ, ಕೆಲವು ಗಂಡುಗಳು 600 ಗ್ರಾಂ ದಾಟುತ್ತವೆ. ಆಯಸ್ಸು ಎರಡರಿಂದ ಮೂರು ವರ್ಷ. ವಿಡಿಯೊಗಳಲ್ಲಿ ಬೆಕ್ಕಿನಷ್ಟು ಉದ್ದ ಕಾಣುವ, ಟಾಂಜಾನಿಯಾದಲ್ಲಿ ತರಬೇತಿ ಕೊಟ್ಟು ನೆಲಬಾಂಬು ಪತ್ತೆಗೆ ಬಳಸುವ ಆಫ್ರಿಕಾದ ಚೀಲಗೆನ್ನೆಯ ಇಲಿ ಬೇರೆಯದೇ ಕುಟುಂಬದ್ದು. ಅದು ಒಂದು ಕಿಲೋ ದಾಟುತ್ತದೆ, ಏಳೆಂಟು ವರ್ಷ ಬದುಕುತ್ತದೆ. ಅದನ್ನು ನೋಡಿ ನಮ್ಮ ಇಲಿಯನ್ನೂ ಹಾಗೆ ಮಾಡುತ್ತೇವೆ ಅಂದರೆ ಆಗುವುದಿಲ್ಲ.

ಹೆಗ್ಗಣದ ಜೊತೆ ಕೂಡಿಸಿದರೆ ದೊಡ್ಡ ಮರಿ ಬರುತ್ತದೆ ಅನ್ನುವ ಮಾತೂ ಕೇಳಿದ್ದೇನೆ. ಅದು ಸುಳ್ಳು. ಇಲ್ಲಿ ಮರಾಠಿಯವರು ಘೂಸ್ ಅನ್ನುವ ಹೆಗ್ಗಣ ಬೇರೆ ಪ್ರಾಣಿ, ಸಾಕು ಇಲಿಯ ಜೊತೆ ಅದಕ್ಕೆ ಮರಿಯಾಗುವುದಿಲ್ಲ. ಮನೆಯ ಅಟ್ಟ ಹತ್ತುವ ಕಪ್ಪಿಲಿಯೂ ಬೇರೆ ಜಾತಿ. ಆದರೆ ಗಟಾರದ ಕಂದು ಇಲಿ ಮಾತ್ರ ಸಾಕು ಇಲಿಯದೇ ಜಾತಿ, ಅದರ ಜೊತೆ ಮರಿಯಾಗುತ್ತದೆ. ದಯವಿಟ್ಟು ಈ ಕೆಲಸಕ್ಕೆ ಯಾರೂ ಕೈ ಹಾಕಬೇಡಿ. 2005ರ ಜುಲೈ ಮಳೆಯ ನಂತರ ಮುಂಬೈಯಲ್ಲಿ ಲೆಪ್ಟೊಸ್ಪೈರೋಸಿಸ್ ಹೇಗೆ ಹರಡಿತು ಅಂತ ಇಲ್ಲಿದ್ದವರಿಗೆ ನೆನಪಿರುತ್ತದೆ. ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಜ್ವರ ಅದು. ಜೊತೆಗೆ ಇಂಥ ಸಾಕದ ಇಲಿಯ ಭಯ, ಕಚ್ಚುವ ಸ್ವಭಾವ ಮರಿಗಳಿಗೂ ಬರುತ್ತದೆ. ರಷ್ಯಾದ ನೊವೊಸಿಬಿರ್ಸ್ಕ್‌ನಲ್ಲಿ 1972ರಿಂದ ಸಾಕದ ಕಂದು ಇಲಿಗಳನ್ನು ಹಿಡಿದು ಎರಡು ಗುಂಪು ಮಾಡಿದರು. ಒಂದರಲ್ಲಿ ಮೆದು ಸ್ವಭಾವದವನ್ನೇ, ಇನ್ನೊಂದರಲ್ಲಿ ಮೈಮೇಲೆ ಬೀಳುವಂಥವನ್ನೇ ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತಾ ಹೋದರು. ಮೊದಲ ಗುಂಪು ಕೈಗೆ ಹತ್ತುವಂತಾಯಿತು, ಎರಡನೆಯದು ಕೈ ಹತ್ತಿರ ತಂದರೆ ಹಾರಿಬೀಳುವಂತಾಯಿತು. ಸ್ವಭಾವ ರಕ್ತದಲ್ಲಿ ಅಷ್ಟು ಗಟ್ಟಿಯಾಗಿ ಇಳಿಯುತ್ತದೆ.

ಈಗ ಗಾತ್ರದ ಲೆಕ್ಕ. ತಳಿ ಬೆಳೆಸುವವರೆಲ್ಲ ಬಳಸುವ ಒಂದು ಸರಳ ಸೂತ್ರವಿದೆ. ಆರಿಸಿದ ತಂದೆತಾಯಿ ಗುಂಪಿನ ಸರಾಸರಿಗಿಂತ ಎಷ್ಟು ಮುಂದಿವೆಯೋ, ಅದರಲ್ಲಿ ಒಂದು ಪಾಲು ಮಾತ್ರ ಮರಿಗಳಿಗೆ ದಾಟುತ್ತದೆ. ಸುಮ್ನೆ ಉದಾಹರಣೆಗೆ, ಗುಂಪಿನ ಗಂಡುಗಳ ಸರಾಸರಿ 450 ಗ್ರಾಂ ಅಂದುಕೊಳ್ಳಿ. ಅದಕ್ಕಿಂತ 60 ಗ್ರಾಂ ಜಾಸ್ತಿ ಇರುವ ಗಂಡನ್ನೂ, ಹೆಣ್ಣುಗಳಲ್ಲಿ ಅಷ್ಟೇ ಮುಂದಿರುವ ಹೆಣ್ಣನ್ನೂ ಜೋಡಿ ಮಾಡಿದಿರಿ. ಹತ್ತರಲ್ಲಿ ನಾಲ್ಕು ಪಾಲು ರಕ್ತದಿಂದ ಬರುತ್ತದೆ ಅಂತ ಹಿಡಿದರೆ ಮುಂದಿನ ತಲೆಮಾರಿನ ಗಂಡುಗಳ ಸರಾಸರಿ 474ಕ್ಕೆ ಬರುತ್ತದೆ, 510ಕ್ಕಲ್ಲ. ಮಿಕ್ಕಿದ್ದು ಊಟ, ತಾಯಿಯ ಹಾಲು, ಜಾಗ, ಆರೋಗ್ಯ. ಆದರೂ ಇಲಿ ಐದಾರು ವಾರಕ್ಕೇ ಪ್ರಾಯಕ್ಕೆ ಬರುತ್ತದೆ, ಗಬ್ಬವಾದ ಮೂರು ವಾರಕ್ಕೆ ಮರಿ ಹಾಕುತ್ತದೆ. ತಾಳ್ಮೆಯಿಂದ ಹೆಣ್ಣಿಗೆ ನಾಲ್ಕೈದು ತಿಂಗಳಾಗುವವರೆಗೆ ಕಾದರೂ ವರ್ಷಕ್ಕೆ ಎರಡು ತಲೆಮಾರು ಆಗುತ್ತದೆ. ಹೀಗೆ ಗಾತ್ರ ನಿಧಾನವಾಗಿ ಮೇಲೇರುತ್ತಲೇ ಹೋಗುತ್ತದೆ. ಜರ್ಮನಿಯ ಡುಮರ್‌ಸ್ಟೋರ್ಫ್‌ನ ಸಂಶೋಧನಾ ಸಂಸ್ಥೆಯಲ್ಲಿ 1970ರ ದಶಕದಿಂದ ಚಿಕ್ಕ ಇಲಿಗಳನ್ನು, ಅಂದರೆ ನಮ್ಮ ಸುಂಡಿಲಿಯಂಥವನ್ನು, ತೂಕಕ್ಕಾಗಿಯೇ ನೂರಕ್ಕೂ ಹೆಚ್ಚು ತಲೆಮಾರು ಆರಿಸಿದ್ದಾರೆ. ಅವು ಈಗ ಅದೇ ಜಾತಿಯ ಮಾಮೂಲಿ ಇಲಿಗಳ ಪಕ್ಕದಲ್ಲಿ ಬೇರೆ ಪ್ರಾಣಿಯಂತೆ ಕಾಣುತ್ತವೆ.

ಇಷ್ಟು ಹೇಳಿದ ಮೇಲೆ ಮಾರುಕಟ್ಟೆಯ ‘ಜಂಬೋ’ ಬಗ್ಗೆ ನನಗಿರುವ ಅನುಮಾನ ಹೇಳುತ್ತೇನೆ. ಅವುಗಳಲ್ಲಿ ಬಹಳಷ್ಟು ತಳಿಯಿಂದ ಬಂದ ಗಾತ್ರವೇ ಅಲ್ಲ. ತಾಯಿ ಇಲಿಗೆ ಹನ್ನೆರಡು ಮೊಲೆ. ಹದಿಮೂರು ಹದಿನಾಲ್ಕು ಮರಿಗಳ ಸೂಲಿನಲ್ಲಿ ಪ್ರತಿಯೊಂದಕ್ಕೂ ಹಾಲು ಕಡಿಮೆ, ಐದಾರು ಮರಿಗಳ ಸೂಲಿನಲ್ಲಿ ಧಾರಾಳ. ಬೊಜ್ಜಿನ ಬಗ್ಗೆ ಸಂಶೋಧನೆ ಮಾಡುವವರು ಬೇಕೆಂದೇ ಒಂದು ಸೂಲಿನಲ್ಲಿ ಮೂರೇ ಮರಿ ಉಳಿಸಿ ದಪ್ಪ ಇಲಿಗಳನ್ನು ಬೆಳೆಸುತ್ತಾರೆ. ಅಲ್ಲಿ ರಕ್ತ ಬದಲಾಗಿಲ್ಲ, ಹಾಲು ಜಾಸ್ತಿಯಾಗಿದೆ ಅಷ್ಟೇ. ಅಂಥ ಇಲಿಯನ್ನು ‘ದೊಡ್ಡ ತಳಿ’ ಅಂತ ಕೊಂಡುಕೊಂಡು ಹೋದವರಿಗೆ ಅದರ ಮರಿಗಳು ಮಾಮೂಲಿ ಗಾತ್ರದ್ದೇ ಆದಾಗ ಮೋಸ ಹೋದಂತೆ ಅನಿಸುತ್ತದೆ.

ದಪ್ಪಕ್ಕೂ ದೊಡ್ಡದಕ್ಕೂ ಇರುವ ವ್ಯತ್ಯಾಸವನ್ನು ಕೈಯಿಂದಲೇ ತಿಳಿಯಬಹುದು. ಇಲಿಯನ್ನು ಅಂಗೈ ಮೇಲೆ ಕೂರಿಸಿ ಹೆಬ್ಬೆರಳಿನಿಂದ ಬೆನ್ನುಮೂಳೆಯ ಉದ್ದಕ್ಕೂ ಮೆಲ್ಲಗೆ ಸವರಿ. ಮೂಳೆ ಚುಚ್ಚದೆ, ಆದರೆ ಒತ್ತಿದರೆ ಸಿಗುವಂತಿದ್ದರೆ ಮೈ ಸರಿಯಿದೆ. ಎಷ್ಟು ಒತ್ತಿದರೂ ಮೂಳೆ ಸಿಗದೆ, ಸೊಂಟದ ಮೇಲೆ ಮೆತ್ತಗೆ ಹೂತುಹೋದರೆ ಅದು ಬೊಜ್ಜು. ನಿಜವಾಗಿ ದೊಡ್ಡ ತಳಿಯದು ಮೂತಿಯಿಂದ ಬಾಲದ ಬುಡದವರೆಗೆ ಉದ್ದವಿರುತ್ತದೆ, ತಲೆ ಅಗಲ, ಹಿಂಗಾಲಿನ ಪಾದ ದೊಡ್ಡದು. ತಕ್ಕಡಿ ಈ ವ್ಯತ್ಯಾಸ ಹೇಳುವುದಿಲ್ಲ. 1961ರಲ್ಲಿ ಅಮೆರಿಕದಲ್ಲಿ ಜುಕರ್ ದಂಪತಿ ಒಂದು ಬೊಜ್ಜಿನ ಇಲಿ ತಳಿಯನ್ನು ಗುರುತಿಸಿದರು. ಹಸಿವು ತಣಿಯಿತು ಅಂತ ಮೆದುಳಿಗೆ ತಿಳಿಸುವ ಲೆಪ್ಟಿನ್ ಹಾರ್ಮೋನಿನ ಸಂದೇಶವೇ ಅವಕ್ಕೆ ತಲುಪುವುದಿಲ್ಲ. ತಂದೆತಾಯಿ ಇಬ್ಬರಿಂದಲೂ ಆ ದೋಷ ಬಂದರೆ ಮಾತ್ರ ಬೊಜ್ಜು ಬರುತ್ತದೆ. ತಕ್ಕಡಿಯೊಂದನ್ನೇ ನಂಬಿ, ಒಂದೇ ಮನೆತನದೊಳಗೆ ಅಣ್ಣತಂಗಿಯರನ್ನು ಕೂಡಿಸುತ್ತಾ ಹೋಗುವವರು ಇಂಥ ದೋಷವನ್ನೇ ‘ಜೈಂಟ್’ ಅಂತ ಆರಿಸಿಬಿಡುವ ಸಾಧ್ಯತೆ ಇದ್ದೇ ಇದೆ.

ಈಗ ನಿಜವಾಗಿಯೂ ದೊಡ್ಡ ಮೂಳೆಯ, ಬೊಜ್ಜಿಲ್ಲದ ಇಲಿಯನ್ನೇ ಬೆಳೆಸಿದರು ಅಂದುಕೊಳ್ಳೋಣ. ಆಗಲೂ ಒಂದು ಬೆಲೆ ಕಟ್ಟಬೇಕಾಗುತ್ತದೆ. ಆನೆ ಇಲಿಗಿಂತ ಜಾಸ್ತಿ ಬದುಕುತ್ತದಲ್ವಾ, ದೊಡ್ಡದಾದರೆ ಆಯಸ್ಸೂ ಹೆಚ್ಚಬೇಕಲ್ವಾ ಅಂತ ಕೆಲವರು ಕೇಳುತ್ತಾರೆ. ಬೇರೆ ಬೇರೆ ಜಾತಿಗಳನ್ನು ಹೋಲಿಸಿದಾಗ ಅದು ಹೌದು. ಒಂದೇ ಜಾತಿಯ ಒಳಗೆ ಲೆಕ್ಕ ತಿರುಗಿಬೀಳುತ್ತದೆ. ಗ್ರೇಟ್ ಡೇನ್ ನಾಯಿ ಚಿವಾವಾಗಿಂತ ಎಷ್ಟೋ ವರ್ಷ ಮೊದಲೇ ಸಾಯುತ್ತದೆ. ನಾಯಿಗಳ ಗಾತ್ರದಲ್ಲಿ ದೊಡ್ಡ ಪಾತ್ರ ವಹಿಸುವ ಐಜಿಎಫ್-1 ಎಂಬ ಜೀನನ್ನು 2007ರಲ್ಲಿ ಗುರುತಿಸಿದರು. ಅದು ಬೆಳವಣಿಗೆಯ ಹಾರ್ಮೋನಿನ ಕೈಕೆಳಗೆ ಕೆಲಸ ಮಾಡುವಂಥದ್ದು. 1982ರಲ್ಲಿ ಅಮೆರಿಕದ ಪಾಮಿಟರ್ ಮತ್ತು ಬ್ರಿನ್‌ಸ್ಟರ್ ತಂಡ ಇಲಿಯ ಬೆಳವಣಿಗೆ ಹಾರ್ಮೋನಿನ ಜೀನನ್ನು ಸುಂಡಿಲಿಯ ಭ್ರೂಣಕ್ಕೆ ಸೇರಿಸಿತು. ಮರಿಗಳು ಒಡಹುಟ್ಟಿದವುಗಳ ಸುಮಾರು ಎರಡು ಪಟ್ಟು ಬೆಳೆದವು. ಆ ಫೋಟೋ ಜಗತ್ತೆಲ್ಲ ಸುತ್ತಿತು. ಅಂಥ ಸುಂಡಿಲಿಗಳು ಕಿಡ್ನಿ, ಲಿವರಿನ ತೊಂದರೆಯಿಂದ ಬೇಗ ಸತ್ತವು ಅನ್ನುವುದು ಅಷ್ಟು ಸುದ್ದಿಯಾಗಲಿಲ್ಲ. ಇದಕ್ಕೆ ಪೂರ್ತಿ ವಿರುದ್ಧವಾದದ್ದು ಏಮ್ಸ್ ಎಂಬ ಕುಬ್ಜ ಸುಂಡಿಲಿ. ಅದರಲ್ಲಿ ಬೆಳವಣಿಗೆ ಹಾರ್ಮೋನು ಇಲ್ಲ, ಮೈ ಚಿಕ್ಕದು, ಆದರೆ ಅದು ಮಾಮೂಲಿಗಿಂತ ತುಂಬಾ ಜಾಸ್ತಿ ಬದುಕುತ್ತದೆ ಅಂತ 1996ರಲ್ಲಿ ಗೊತ್ತಾಯಿತು. ಯಾವ ಜೀನನ್ನೂ ತಿದ್ದದ, ಬೆರಕೆ ರಕ್ತದ ಸುಂಡಿಲಿಗಳಲ್ಲೂ ಎಳೆಯ ವಯಸ್ಸಿನಲ್ಲಿ ಜಾಸ್ತಿ ತೂಗಿದವು ಬೇಗ ಸಾಯುತ್ತವೆ ಅಂತ 2002ರ ಒಂದು ಅಧ್ಯಯನ ತೋರಿಸಿತು.

ನಮ್ಮ ಸಾಕು ಇಲಿಗೆ ಇನ್ನೂ ಹತ್ತಿರದ ಉದಾಹರಣೆ ಪ್ರಯೋಗಾಲಯದ ಸ್ಪ್ರೇಗ್ ಡಾಲಿ ಇಲಿ. ನನಗೆ ಇಡೀ ವಿಷಯದಲ್ಲಿ ಮುಖ್ಯ ಅನಿಸುವುದು ಇದೇ. 1925ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರಾಬರ್ಟ್ ಡಾಲಿ ಎಂಬವರು ಅಸಾಧಾರಣ ಗಾತ್ರದ, ಚುರುಕಾದ ಒಂದು ಗಂಡಿಲಿಯನ್ನು ಬಿಳಿ ಹೆಣ್ಣಿಲಿಯ ಜೊತೆ ಕೂಡಿಸಿ, ಆಮೇಲೆ ಹುಟ್ಟಿದ ಹೆಣ್ಣು ಮರಿಗಳ ಜೊತೆಗೂ ಅದನ್ನೇ ಕೂಡಿಸಿ ಈ ತಳಿ ಶುರು ಮಾಡಿದರು. ಬೇಗ ಬೆಳೆಯುವ, ಜಾಸ್ತಿ ಮರಿ ಹಾಕುವ, ಶಾಂತ ಸ್ವಭಾವದ ಇಲಿ. ಜಗತ್ತಿನ ಪ್ರಯೋಗಾಲಯಗಳೆಲ್ಲ ಇದನ್ನು ಕೊಂಡವು. ದಶಕಗಳು ಕಳೆದಂತೆ ಇಲಿಗಳ ತೂಕ ಏರುತ್ತಾ ಹೋಯಿತು. ಔಷಧಿ ಪರೀಕ್ಷೆಗೆ ಎರಡು ವರ್ಷ ಇಡಬೇಕಾದ ಗುಂಪುಗಳಲ್ಲಿ ಎರಡು ವರ್ಷ ಮುಟ್ಟುವ ಇಲಿಗಳು ಕಡಿಮೆಯಾಗುತ್ತಾ ಬಂದವು. ಹೆಣ್ಣುಗಳಲ್ಲಿ ಮೊಲೆಯ ಗಡ್ಡೆ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗಡ್ಡೆ, ಗಂಡುಗಳಲ್ಲಿ ಕಿಡ್ನಿ ಸೋಲುವುದು. 1990ರ ದಶಕದ ಹೊತ್ತಿಗೆ ಪರೀಕ್ಷೆ ಮಾಡುವವರೇ ‘ಇಲಿಗೆ ಊಟ ಅಳೆದು ಹಾಕಿ’ ಅಂತ ಹೇಳಬೇಕಾಯಿತು. ಇದರ ಕಾರಣಗಳನ್ನು ಹುಡುಕಿದವರು ಎರಡನ್ನು ಬೊಟ್ಟು ಮಾಡಿದರು: ಬೇಕಾದಷ್ಟು ತಿನ್ನಲು ಬಿಟ್ಟದ್ದು ಒಂದು, ಬೇಗ ಬೆಳೆಯುವ, ಜಾಸ್ತಿ ಮರಿ ಹಾಕುವ ಇಲಿಗಳನ್ನೇ ತಳಿಗೆ ಉಳಿಸಿಕೊಳ್ಳುತ್ತಾ ಬಂದದ್ದು ಇನ್ನೊಂದು. ಯಾರೂ ರೋಗದ ಇಲಿ ಬೇಕು ಅಂತ ಆರಿಸಲಿಲ್ಲ. ವಿಜ್ಞಾನಿಗಳಿದ್ದರು, ದಾಖಲೆಯಿತ್ತು, ಹಣವಿತ್ತು. ಆದರೂ ಹೀಗಾಯಿತು.

ಊಟದ ಪಾಲು ಎಷ್ಟಿದೆ ಅನ್ನುವುದು ಇನ್ನೂ ಹಳೆಯ ಸಂಗತಿ. 1935ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ ಮತ್ತು ಜೊತೆಗಾರರು ಪೋಷಕಾಂಶ ಕಡಿಮೆಯಾಗದಂತೆ ನೋಡಿಕೊಂಡು ಇಲಿಗಳ ಊಟ ಮಾತ್ರ ಇಳಿಸಿದರು. ಬೆಳವಣಿಗೆ ನಿಧಾನವಾಯಿತು, ಮೈ ಚಿಕ್ಕದಾಯಿತು, ಆಯಸ್ಸು ಚೆನ್ನಾಗಿ ಹೆಚ್ಚಿತು. ಸ್ಪ್ರೇಗ್ ಡಾಲಿಯಿಂದಲೇ ಹುಟ್ಟಿದ, ಬೆಳವಣಿಗೆ ಹಾರ್ಮೋನಿಲ್ಲದ ಒಂದು ಕುಬ್ಜ ತಳಿಯಿದೆ. ಗಡ್ಡೆ ಬರಿಸುವ ರಾಸಾಯನಿಕ ಕೊಟ್ಟರೂ ಅದರ ಹೆಣ್ಣುಗಳಲ್ಲಿ ಮೊಲೆಯ ಗಡ್ಡೆ ಅಷ್ಟು ಸುಲಭವಾಗಿ ಬರಲಿಲ್ಲ. ಮೈ ಬೆಳೆಸುವ ಹಾರ್ಮೋನು ಗಡ್ಡೆಯನ್ನೂ ಬೆಳೆಸುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಹೆಣ್ಣಿಲಿ ಸಾಕಿದವರಿಗೆ ಆ ಗಡ್ಡೆ ಏನು ಅಂತ ಗೊತ್ತು. ತೋಳಿನ ಸಂದಿಯಲ್ಲಿ ಕಡಲೆಕಾಳಿನಷ್ಟು ಸಿಗುತ್ತದೆ, ಕೆಲವೇ ವಾರಗಳಲ್ಲಿ ನಿಂಬೆಹಣ್ಣಿನಷ್ಟಾಗುತ್ತದೆ, ಇಲಿ ಅದನ್ನು ಎಳೆದುಕೊಂಡೇ ಓಡಾಡುತ್ತದೆ. ಶಸ್ತ್ರಚಿಕಿತ್ಸೆ ಮಾಡಿಸಬಹುದು. ಆದರೆ ಇಲಿಗೆ ಅರಿವಳಿಕೆ ಕೊಟ್ಟು ಅಭ್ಯಾಸವಿರುವ ಡಾಕ್ಟರು ಮುಂಬೈಯಂಥ ಊರಿನಲ್ಲೂ ಸುಲಭಕ್ಕೆ ಸಿಗುವುದಿಲ್ಲ.

ಭಾರದ ಇನ್ನೊಂದು ಪರಿಣಾಮ ಪಾದದ ಮೇಲೆ. ಹಿಂಗಾಲಿನ ಹಿಮ್ಮಡಿ ಕೆಂಪಾಗಿ, ಒರಟಾಗಿ, ಹುಣ್ಣಾಗುತ್ತದೆ. ತಂತಿಯ ತಳದ ಪಂಜರದಲ್ಲಿ ದಪ್ಪ ಗಂಡು ಇಟ್ಟರೆ ಇದು ಬರುವುದು ಜಾಸ್ತಿ. ಇನ್ನು ನಮ್ಮ ಕಡಲತೀರದ ಸೆಕೆ. ಇಲಿ ನಾಯಿಯ ಹಾಗೆ ತೇಕಿ ಮೈ ತಣಿಸಿಕೊಳ್ಳಲಾರದು, ಬೆವರಲಾರದು. ಮೈಮೇಲೆ ಜೊಲ್ಲು ಸವರಿಕೊಳ್ಳುತ್ತದೆ, ಕೂದಲಿಲ್ಲದ ಬಾಲದ ರಕ್ತನಾಳಗಳನ್ನು ಹಿಗ್ಗಿಸಿ ಬಿಸಿ ಹೊರಹಾಕುತ್ತದೆ. ಮೈ ದೊಡ್ಡದಾದಷ್ಟೂ ಒಳಗೆ ಹುಟ್ಟುವ ಬಿಸಿಗೆ ಹೋಲಿಸಿದರೆ ಹೊರಗಿನ ಚರ್ಮದ ಪಾಲು ಕಡಿಮೆಯಾಗುತ್ತದೆ. ಮೇ ತಿಂಗಳ ಮುಂಬೈಯ ತೇವದಲ್ಲಿ ಜೊಲ್ಲು ಆರುವುದೂ ಇಲ್ಲ. ಪುಣೆಯಲ್ಲಿ ಏಪ್ರಿಲ್‌ ಹೊತ್ತಿಗೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಇಂಗ್ಲೆಂಡಿನ ಚಳಿಯಲ್ಲಿ ಆರಾಮಾಗಿರುವ ದಪ್ಪ ಗಂಡಿಲಿಯ ಫೋಟೋ ನೋಡಿ ನಾವು ಅದೇ ಗಾತ್ರಕ್ಕೆ ಆಸೆಪಟ್ಟರೆ, ಬೇಸಿಗೆಯಲ್ಲಿ ಕರೆಂಟು ಹೋದ ಮಧ್ಯಾಹ್ನ ಆ ಇಲಿ ಬಾಲ ಚಾಚಿ, ಬಾಯಿ ತೆರೆದು ಬಿದ್ದುಕೊಳ್ಳುತ್ತದೆ.

ಪುಣೆಯಲ್ಲಿ ನಮಗೆ ಪರಿಚಯದ ಬೆಳಗಾವಿ ಕಡೆಯ ಮನೆಯವರ ಹುಡುಗನೊಬ್ಬ ಇಲಿ ತಳಿ ಬೆಳೆಸುತ್ತಾನೆ. ಒಳ್ಳೆಯ ಹುಡುಗ. ಪಂಜರ ಕನ್ನಡಿಯ ಹಾಗೆ ಸ್ವಚ್ಛ, ಪ್ರತಿ ಮರಿಯ ತೂಕವನ್ನೂ ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ನೋಡಿ ಪುಸ್ತಕದಲ್ಲಿ ಬರೆಯುತ್ತಾನೆ. ಒಂದು ಬೂದು ಬಣ್ಣದ ಗಂಡನ್ನು ನನ್ನ ಕೈಗೆ ಕೊಟ್ಟು, ‘ಅಣ್ಣಾ, ಇದರಪ್ಪ ಆರುನೂರ ಗ್ರಾಂ ಮ್ಯಾಲ ಇತ್ರಿ’ ಅಂದ. ಅಪ್ಪ ಎಲ್ಲಿ ಅಂತ ಕೇಳಿದೆ. ‘ಹೋತ್ರಿ. ಹದಿನಾಲ್ಕ ತಿಂಗಳಿಗೆ. ಹಿಂಗಾಲ ಎಳಿತಿತ್ತು, ಆಮ್ಯಾಲ ಉಸರ ತುಂಬತ್ತು.’ ಪುಸ್ತಕ ತಿರುವಿ ನೋಡಿದೆ. ಹುಟ್ಟಿದ ದಿನ, ವಾರವಾರದ ತೂಕ, ಜೋಡಿ ಮಾಡಿದ ದಿನ, ಮರಿಗಳ ಸಂಖ್ಯೆ ಎಲ್ಲ ಇತ್ತು. ಸತ್ತ ದಿನಕ್ಕೆ ಕಾಲಂ ಇರಲಿಲ್ಲ. ಅಷ್ಟರಲ್ಲಿ ಆ ಗಂಡಿನಿಂದ ಹಲವು ಸೂಲು ಮರಿಗಳು ಹುಟ್ಟಿ ಪುಣೆ, ಮುಂಬೈ, ಗೋವಾಕ್ಕೆ ಹೋಗಿದ್ದವು.

ಹುಡುಗನ ತಪ್ಪು ಅಂತ ನಾನು ಹೇಳುವುದಿಲ್ಲ. ಅವನಿಗೆ ಕಲಿಸಿದವರಿಲ್ಲ, ಕೊಳ್ಳುವವರು ಕೇಳುವುದೂ ಇಲ್ಲ. ಅಂಗಡಿಯ ಇಲಿಗಳು ತೀರಾ ಸಣ್ಣ, ಅದಕ್ಕೇ ದೊಡ್ಡದನ್ನು ಆರಿಸುತ್ತೇನೆ ಅನ್ನುವ ಅವನ ವಾದದಲ್ಲಿ ಒಂದು ನ್ಯಾಯವೂ ಇದೆ. ಇಲ್ಲಿನ ಅಂಗಡಿಗಳಲ್ಲಿ ಸಿಗುವ ಎಷ್ಟೋ ಬಿಳಿ ಇಲಿಗಳು ಎಲ್ಲಿಂದ ಬಂದವು ಅಂತ ಯಾರೂ ಹೇಳುವುದಿಲ್ಲ. ಇಕ್ಕಟ್ಟಿನಲ್ಲಿ, ಸರಿಯಾದ ಊಟವಿಲ್ಲದೆ, ಎಳೆಯ ತಾಯಿಗೆ ಹುಟ್ಟಿ, ಬೆಳೆದ ಮೇಲೂ 200 ಗ್ರಾಂ ಆಸುಪಾಸಿನಲ್ಲೇ ನಿಲ್ಲುವ ಹೆಣ್ಣುಗಳನ್ನು ನಾನೂ ನೋಡಿದ್ದೇನೆ. ಅವುಗಳಿಂದ ಒಳ್ಳೆಯ ಮೈಕಟ್ಟಿನ, ಜಾತಿಗೆ ತಕ್ಕ ಗಾತ್ರದ ಇಲಿ ಬೆಳೆಸುವುದು ಒಳ್ಳೆಯ ಕೆಲಸವೇ. ಮಾಮೂಲಿ ಗಾತ್ರಕ್ಕೆ ತರುವುದು ಬೇರೆ, ಮಾಮೂಲಿಯನ್ನು ದಾಟಿಸುವುದು ಬೇರೆ. ಹೆಣ್ಣು 300, ಗಂಡು 450 ಮುಟ್ಟಿದ ಮೇಲೆ ತೂಕದ ಕಾಲಂ ನೋಡಿ ಆರಿಸುವುದನ್ನು ನಿಲ್ಲಿಸಬೇಕು ಅನ್ನುವುದು ನನ್ನ ಅಭಿಪ್ರಾಯ.

ಆಮೇಲೆ ಏನು ನೋಡಿ ಆರಿಸುವುದು? ಮೊದಲು ಉಸಿರು. ಮೈಕೋಪ್ಲಾಸ್ಮಾ ಅನ್ನುವ ಸೋಂಕು ಸಾಕು ಇಲಿಗಳಲ್ಲಿ ತುಂಬಾ ಸಾಮಾನ್ಯ, ಬಂದರೆ ಹೋಗುವುದಿಲ್ಲ. ಅದಿದ್ದೂ ಮಳೆಗಾಲದಲ್ಲಿ ಸೀನದೆ, ಎದೆ ಗೊರಗೊರ ಅನ್ನದೆ ಇರುವ ಇಲಿಗಳು ಕೆಲವಿರುತ್ತವೆ. ನಮಗೆ ಬೇಕಾದದ್ದು ಅವು. ಆಮೇಲೆ ಸ್ವಭಾವ. ಆಮೇಲೆ ಆಯಸ್ಸು. ಆಯಸ್ಸನ್ನು ಹೇಗೆ ಆರಿಸುವುದು, ಇಲಿ ಸಾಯುವವರೆಗೆ ಕಾದರೆ ಮರಿ ಎಲ್ಲಿಂದ ಬರಬೇಕು ಅಂತ ಕೇಳಬಹುದು. ಗಂಡಿಗೆ ಈ ಕಷ್ಟ ಕಡಿಮೆ. ಆರೋಗ್ಯವಾಗಿರುವ ಗಂಡು ಒಂದೂವರೆ ವರ್ಷಕ್ಕೂ ಮರಿ ಕೊಡಬಲ್ಲದು. ಆ ವಯಸ್ಸಿಗೆ ಉಸಿರು, ಹಿಂಗಾಲು, ಪಾದ ಎಲ್ಲ ಸರಿಯಿರುವ ಗಂಡನ್ನು ಎಳೆಯ ಹೆಣ್ಣಿನ ಜೊತೆ ಕೂಡಿಸಿದರೆ ಅರ್ಧ ಪರೀಕ್ಷೆ ಮುಗಿದಂತೆಯೇ. ಹೆಣ್ಣಿನದು ಅದರ ತಾಯಿ, ಅಜ್ಜಿಯರ ದಾಖಲೆ ನೋಡಿ ನಿರ್ಧರಿಸಬೇಕು. ಒಂದು ಸೂಲಿನಲ್ಲಿ ಒಂದಕ್ಕಿಂತ ಹೆಚ್ಚು ಅಕ್ಕತಂಗಿಯರಿಗೆ ಚಿಕ್ಕ ವಯಸ್ಸಿನಲ್ಲೇ ಗಡ್ಡೆ ಬಂದರೆ ಆ ಸಾಲನ್ನು ಅಲ್ಲಿಗೇ ನಿಲ್ಲಿಸಬೇಕು, ಎಷ್ಟೇ ಚೆಂದದ ದೊಡ್ಡ ಇಲಿಗಳಿರಲಿ. ಹೀಗೆ ಮಾಡಿದರೆ ವರ್ಷಕ್ಕೆ ಎರಡು ತಲೆಮಾರು ಆಗುವುದಿಲ್ಲ. ಎರಡು ವರ್ಷಕ್ಕೆ ಒಂದಾದರೆ ಹೆಚ್ಚು. ಮಾರಿದ ಮರಿಗಳ ಮನೆಯವರಿಗೆ ಆಗಾಗ ಫೋನು ಮಾಡಿ ‘ಹೇಗಿದೆ?’ ಅಂತ ಕೇಳಿ ಬರೆದುಕೊಳ್ಳಬೇಕು. ಬೇಜಾರಿನ ಕೆಲಸ, ದುಡ್ಡೂ ಬರುವುದಿಲ್ಲ.

ಕಾನೂನು ಇಲ್ಲಿ ಅರ್ಧ ದಾರಿ ಬಂದು ನಿಂತಿದೆ. 2018ರ ಪೆಟ್ ಶಾಪ್ ನಿಯಮಗಳಲ್ಲಿ ಸಾಕು ಪ್ರಾಣಿ ಅಂದರೆ ಇಲಿಯೂ ಸೇರುತ್ತದೆ. ಅಂಗಡಿ ಇಡುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ನಾಯಿ ತಳಿ ಬೆಳೆಸುವವರಿಗೆ 2017ರ ಪ್ರತ್ಯೇಕ ನಿಯಮವಿದೆ. ಪ್ರಯೋಗಕ್ಕೆಂದು ಇಲಿ ಬೆಳೆಸುವವರಿಗೆ 1998ರಿಂದ ನಿಯಮವಿದೆ. ಮನೆಯ ಬಾಲ್ಕನಿಯಲ್ಲಿ ಸಾಕಲು ಕೊಡುವ ಇಲಿ ಬೆಳೆಸುವವರಿಗೆಂದೇ ಮಾಡಿದ್ದು ಯಾವುದೂ ಇಲ್ಲ. ಜರ್ಮನಿಯ ಪ್ರಾಣಿ ರಕ್ಷಣಾ ಕಾನೂನಿನಲ್ಲಿ, ಹುಟ್ಟುವ ಮರಿಗಳು ಆ ತಳಿಯ ಗುಣದಿಂದಲೇ ನರಳುತ್ತವೆ ಅಂತ ಮೊದಲೇ ಊಹಿಸಬಹುದಾದರೆ ಅಂಥ ಜೋಡಿ ಮಾಡುವುದಕ್ಕೇ ನಿಷೇಧವಿದೆ. ಇಲಿಗೂ ಅದು ಅನ್ವಯಿಸುತ್ತದೆ. ನಮ್ಮಲ್ಲಿ ಅಂಥದ್ದು ಬರಲಿ ಅಂತ ನನ್ನ ಆಸೆ. ಅಲ್ಲಿಯವರೆಗೆ ಕೊಳ್ಳುವವರ ಕೈಯಲ್ಲೇ ಇದೆ.

ಹಾಗಾಗಿ ಮುಂಬೈ, ಪುಣೆ, ಗೋವಾದಲ್ಲಿ ಇಲಿ ತಳಿ ಬೆಳೆಸುವ ನಮ್ಮವರಿಗೆ ಒಂದು ಕೋರಿಕೆ. ಜಾಹೀರಾತಿನಲ್ಲಿ ಅಪ್ಪನ ತೂಕ ಹಾಕುತ್ತೀರಲ್ವಾ, ಅದರ ಪಕ್ಕದಲ್ಲೇ ಅಜ್ಜ ಅಜ್ಜಿ ಎಷ್ಟು ತಿಂಗಳು ಬದುಕಿದರು, ಯಾವುದರಿಂದ ಸತ್ತರು ಅಂತಲೂ ಬರೆಯಿರಿ. ಅಜ್ಜ ಎರಡು ವರ್ಷ ದಾಟಿ ಇನ್ನೂ ಓಡಾಡಿಕೊಂಡಿದ್ದರೆ ಫೋಟೋ ಅದರದ್ದೇ ಹಾಕಿ. ಅಂಥ ಮರಿಗೆ ಜಾಸ್ತಿ ರೇಟು ಕೊಡಲು ನಾನು ತಯಾರಿದ್ದೇನೆ.